ಸಾಲೋಮಿ ಕೂಸಿನವ್ರು ಯಾರ್ರಿ?

ಮೊನ್ನೆ ನಾಟಿ ಶುರುವಾದ ವಾರದಲ್ಲಿ ನಮ್ಮ ಅಂಗನವಾಡಿ ಸಹಾಯಕಿಯ ಸೊಸೆಗೆ ಹೆರಿಗೆಯಾಯಿತೆಂದು ಕೊಪ್ಪಳದ ಆಸ್ಪತ್ರೆಗೆ ಹೋಗಿದ್ದೆ. ತಾಯಿ, ಮಗು ಇಬ್ಬರೂ ಗಟ್ಟಿಯಾಗಿದ್ದರು. ಹೆದರುವಂಥದ್ದು ಏನೂ ಇರಲಿಲ್ಲ. ಆದರೆ ಮೇಲಂತಸ್ತಿನ ವಾರ್ಡಿನ ಬಾಗಿಲಲ್ಲಿ ಗೋಡೆಗೆ ಸಿಕ್ಕಿಸಿದ್ದ ಬಾಟಲಿ ಒತ್ತಿ, ಆ ನೀಲಿ ನೀರನ್ನು ಅಂಗೈಗೆ ಹಾಕಿಕೊಂಡು ತಿಕ್ಕಿದ್ದೇ ತಡ, ಸ್ಪಿರಿಟ್ಟಿನ ತಣ್ಣನೆಯ ಘಾಟು ಮೂಗಿಗೆ ಬಡಿಯಿತು. ಗೋಡೆ ಹಿಡಿದು ಬೆಂಚಿನ ಮೇಲೆ ಕುಳಿತೆ.

"ಯಾಕ್ರೀ ಟೀಚರ್, ಬಸ್ಸಿನ್ಯಾಗ ವಾಂತಿ ಬಂದಂಗಾಗಿತ್ತೇನು?" ಎಂದು ಸಹಾಯಕಿ ಕೇಳಿದಳು. ಹೂಂ ಅಂದೆ. ಇನ್ನೇನು ಹೇಳುವುದು? ಏಳು ಮಳೆಗಾಲ ಕಳೆದರೂ ಒಂದು ಕೈತೊಳೆಯುವ ನೀರಿಗೆ ಹೆದರುತ್ತೇನೆ ಎಂದರೆ ನಗುತ್ತಾಳೆ.

ನನ್ನ ಹೆಸರು ಸುಗುಣ. ನಮ್ಮದು ಮರಳಿ ಎಂಬ ಊರು, ಗಂಗಾವತಿ ಹತ್ತಿರ, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ನಮ್ಮ ಓಣಿಯಲ್ಲಿ ಮೂವತ್ತರ ಆಚೆ ಈಚೆ ಮನೆಗಳು, ಎಲ್ಲರೂ ಕ್ರೈಸ್ತರು. ಮೇಲೆ ಶಿಲುಬೆ ಇಲ್ಲದಿದ್ದರೆ ನಮ್ಮ ತಗಡಿನ ಚರ್ಚನ್ನು ಗೊಬ್ಬರದ ಗೋದಾಮು ಅಂದುಕೊಂಡು ಯಾರಾದರೂ ಚೀಲ ಇಳಿಸಿ ಹೋದಾರು. ಗಂಡಸರಲ್ಲಿ ಅರ್ಧ ಜನ ರೈಸ್ ಮಿಲ್ಲಿನ ಹಮಾಲಿ, ಹೆಂಗಸರೆಲ್ಲ ನಾಟಿಯವರು. ನಾನೊಬ್ಬಳು ಅಕ್ಷರ ಕಲಿತು ಅಂಗನವಾಡಿಯ ಮೊಟ್ಟೆ ಹಂಚುವವಳಾದೆ.

ಏಳು ವರ್ಷದ ಹಿಂದೆ ಕಾಲುವೆಗೆ ನೀರು ತಡವಾಗಿ ಬಿಟ್ಟರು. ಎಲ್ಲರ ಸಸಿಯೂ ಒಮ್ಮೆಲೇ ನಾಟಿಗೆ ಬಂದು, ನಾಟಿಯ ಹೆಂಗಸರಿಗೆ ಎಲ್ಲಿಲ್ಲದ ಬೆಲೆ ಬಂದಿತ್ತು. ಅದೇ ಹೊತ್ತಿಗೆ ನನ್ನ ತಂಗಿ ಸಾಲೋಮಿಗೆ ಏಳು ತಿಂಗಳು ತುಂಬಿ ಕಾಲು ಬಾತವು, ಕಣ್ಣು ಮಂಜಾದವು. ಗಂಗಾವತಿಗೆ ಕರೆದುಕೊಂಡು ಹೋದರೆ ಬಿಪಿ ಏರಿದೆ, ಈಗಲೇ ಕೂಸು ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಅಂದರು. ತೆಗೆದರು. ಹೆಣ್ಣು ಕೂಸು. ಅಳಲಿಲ್ಲ, ಬೆಕ್ಕಿನ ಮರಿಯ ಹಾಗೆ ಒಂದು ಸಲ ಕುಂಯ್ ಅಂದು ಸುಮ್ಮನಾಯಿತು. ಕೂಡಲೇ ಕೊಪ್ಪಳಕ್ಕೆ ಒಯ್ಯಿರಿ ಎಂದರು.

ಸಾಲೋಮಿಯ ಗಂಡ ಪ್ರಕಾಶ ಅವಳ ಹತ್ತಿರ ಉಳಿದ. ಕೂಸಿನ ಜೊತೆ ಆಂಬುಲೆನ್ಸಿನಲ್ಲಿ ನಾನು ಕುಳಿತೆ. ಮಳೆ ಹೊಡೆಯುತ್ತಿತ್ತು. ನರ್ಸಮ್ಮ ಎರಡೇ ಬೆರಳಿನಲ್ಲಿ ಒಂದು ರಬ್ಬರ್ ಚೀಲವನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕೂಸಿಗೆ ಉಸಿರು ಕೊಡುತ್ತಿದ್ದಳು. ಬೂದಗುಂಪಾ ಕ್ರಾಸಿನಲ್ಲಿ ಲಾರಿಗಳು ಅಡ್ಡ ನಿಂತಿದ್ದವು. ಇಷ್ಟು ವರ್ಷ ಚರ್ಚಿನಲ್ಲಿ ಉದ್ದುದ್ದ ಪ್ರಾರ್ಥನೆ ಮಾಡಿದ ನನ್ನ ಬಾಯಿಗೆ ಆಗ ದೇವರ ಹೆಸರು ಬರಲಿಲ್ಲ. ಆ ಲಾರಿಯವರನ್ನು ವಾಚಾಮಗೋಚರ ಬೈದೆ. ನರ್ಸಮ್ಮನ ಬೆರಳು ಸೋತರೆ ಏನು ಗತಿ ಎಂಬುದೊಂದೇ ತಲೆಯಲ್ಲಿ.

ಆಸ್ಪತ್ರೆಯಲ್ಲಿ ಕೂಸನ್ನು ಗಾಜಿನ ಪೆಟ್ಟಿಗೆಗಳಿರುವ ಕೋಣೆಗೆ ಒಯ್ದು ಬಾಗಿಲು ಮುಚ್ಚಿದರು. ಮರುದಿನ ಸಾಲೋಮಿಯನ್ನೂ ಅಲ್ಲಿಗೇ ತಂದು ಕೆಳಗಿನ ವಾರ್ಡಿನಲ್ಲಿ ಮಲಗಿಸಿದರು. ಅವಳಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಹಿಂಡಿದ ನಾಲ್ಕು ಹನಿ ಹಾಲನ್ನು ನಾನು ಮೇಲಕ್ಕೆ ಒಯ್ಯಬೇಕು, ನೀಲಿ ನೀರು ಕೈಗೆ ಹಚ್ಚಿ ಬಾಗಿಲಲ್ಲಿ ಕೊಡಬೇಕು, ಬೆಂಚಿನ ಮೇಲೆ ಕಾಯಬೇಕು.

ಆ ಬೆಂಚಿನಲ್ಲಿ ಕುಳಿತವರಿಗೆ ಹೆಸರಿರಲಿಲ್ಲ, ಒಳಗಿರುವ ಕೂಸುಗಳಿಗೂ ಹೆಸರಿರಲಿಲ್ಲ. ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಹೆಸರಿಡುವ ಪದ್ಧತಿ ನಮ್ಮ ಕಡೆ ಯಾರಲ್ಲೂ ಇಲ್ಲ. ಚರ್ಚಿಗೆ ಹೋಗುವವರಾದರೂ ನಾವೂ ಅದನ್ನು ಬಿಟ್ಟಿಲ್ಲ. ಹಾಗಾಗಿ ಪ್ರತಿ ಕೂಸಿನ ಕಾಲಿಗೂ ತಾಯಿಯ ಹೆಸರು ಬರೆದ ಪಟ್ಟಿ ಕಟ್ಟಿದ್ದರು. ಒಳಗೆ ಏನಾದರೂ ಆದರೆ ಸಿಸ್ಟರ್ ಬಾಗಿಲು ಅರ್ಧ ತೆರೆದು ಕೂಗುತ್ತಿದ್ದಳು: "ಸಾಲೋಮಿ ಕೂಸಿನವ್ರು ಯಾರ್ರಿ?"

ಹಾಲು ಬೇಕಾದರೂ ಅದೇ ಕೂಗು, ಔಷಧಿ ಚೀಟಿಗೂ ಅದೇ ಕೂಗು, ಎಲ್ಲ ಮುಗಿದಾಗಲೂ ಅದೇ ಕೂಗು. ಬಾಗಿಲಿನ ಬಿಜಾಗರಿ ಕಿರ್ ಅಂದರೆ ಸಾಕು, ಬೆಂಚಿನವರೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದರು. ನನ್ನ ತಂಗಿಯ ಹೆಸರು ಇಷ್ಟು ಚಂದದ್ದು, ಅದನ್ನು ಕೇಳಿದರೆ ನನ್ನ ಕೈಕಾಲು ತಣ್ಣಗಾಗುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ.

ಊರಿಗೆ ಫೋನು ಮಾಡಿದ್ದು ಎರಡನೆಯ ದಿನ, ಅದೂ ರೂತಮ್ಮ ಆಯಿಗೆ. ಓಣಿಗೆಲ್ಲ ಅಜ್ಜಿಯಾದ ಆಯಿ ನಮ್ಮ ನಾಟಿ ಗುಂಪಿನ ಮುಂದಾಳು. ಅಕ್ಷರ ಬರದು. ಆದರೆ ಅವಳ ಪ್ರಾರ್ಥನೆ ಎಂದರೆ ದೇವರು ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದಾನೆ, ಸ್ವಲ್ಪ ಕಿವುಡ, ಅನ್ನುವ ಹಾಗೆ.

"ಟಂಟಂ ಗಾಡಿ ಮಾಡ್ಕೊಂಡು ಎಲ್ಲಾರೂ ಅಲ್ಲಿಗೇ ಬರ್ತೀವಿ. ಕೂಸಿನ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನಾ ಮಾಡೂಣು," ಅಂದಳು.

"ಬ್ಯಾಡ ಆಯಿ. ಕೂಸು ಮುಟ್ಟಾಕ ನನಗ ಬಿಡವಲ್ರು. ನಂಜು ಆಕ್ಕೈತಿ ಅಂತಾರ." ಅದು ಅರ್ಧ ಮಾತು. ಉಳಿದರ್ಧ, ಈಗಿನ ಕಾಲದಲ್ಲಿ ಆಸ್ಪತ್ರೆಯಲ್ಲಿ ನಮ್ಮಂಥವರು ಗುಂಪು ಕಟ್ಟಿಕೊಂಡು ಗಟ್ಟಿಯಾಗಿ ಪ್ರಾರ್ಥನೆ ಮಾಡಿದರೆ ಮತಾಂತರ ಮಾಡುತ್ತಾರೆಂದು ಯಾರು ಜಗಳ ಹುಡುಕಿಕೊಂಡು ಬರುತ್ತಾರೋ ಎಂಬ ಅಂಜಿಕೆ. ಅದನ್ನೂ ಹೇಳಿದೆ. ನಾನು ಅಲ್ಲಿ ಕಣ್ಣು ಮುಚ್ಚುತ್ತಲೂ ಇರಲಿಲ್ಲ. ಕಣ್ಣು ತೆರೆದೇ, ತುಟಿ ಅಲುಗದಂತೆ ಬೇಡಿಕೊಳ್ಳುತ್ತಿದ್ದೆ.

ಆಯಿ, "ಆತು ತಗೋ. ನಾವು ಇಲ್ಲೇ ಕರೀತೀವಿ. ಅಂವಗ ಕೊಪ್ಪಳ ಎಷ್ಟು ದೂರ?" ಅಂದಳು.

ಮರುದಿನದಿಂದ ಬೆಳಗಾಗುತ್ತಲೇ ಓಣಿಯವರೆಲ್ಲ ಚರ್ಚಿನಲ್ಲಿ ಕೂಡತೊಡಗಿದರು. ಮಿಲ್ಲಿಗೆ ಹೋಗುವವರು ಟಿಫಿನ್ ಡಬ್ಬಿ ಹಿಡಿದೇ ಮೊಣಕಾಲೂರುತ್ತಿದ್ದರಂತೆ. ಅಲ್ಲಿಗೇ ಮುಗಿಯಲಿಲ್ಲ. ನಾಟಿಯ ಸಾಲಿನಲ್ಲಿ ಒಬ್ಬಳು ಹಾಡು ಎತ್ತಿಕೊಟ್ಟರೆ ಉಳಿದವರು ಬಗ್ಗಿ ಸಸಿ ಊರುತ್ತ ಸೊಲ್ಲು ಹಿಡಿಯುವುದು ರೂಢಿ. ಆ ವರ್ಷ ಆಯಿ ಹಾಡು ಎತ್ತಲಿಲ್ಲ. ಫೋನನ್ನು ತಲೆಗೆ ಕಟ್ಟಿದ ವಸ್ತ್ರದೊಳಗೆ ಕಿವಿಗೆ ಸಿಕ್ಕಿಸಿಕೊಂಡು, ನನ್ನನ್ನು ಈ ಕಡೆ ಕೇಳಲು ಬಿಟ್ಟು, "ಸಾಲೋಮಿ ಕೂಸೂ..." ಎಂದು ಕರೆದಳು. ಸಾಲಿಗೆ ಸಾಲೇ "ನೋಡಪ್ಪಾ" ಅಂದಿತು. ಆ ಸಾಲಿನಲ್ಲಿ ನಮ್ಮವರಷ್ಟೇ ಇರಲಿಲ್ಲ, ಪಕ್ಕದ ಓಣಿಯ ಈರಮ್ಮನೂ ಇದ್ದಳು, ಮುನ್ನಾಬೀಯೂ ಇದ್ದಳು. ನೀರಿನಲ್ಲಿ ಕಾಲು ಕಿತ್ತಿಡುವ ಪಚಪಚ ಸದ್ದು, ನಡುವೆ ನೋಡಪ್ಪಾ. ಅದೇ ಹೆಸರು ಇಲ್ಲಿ ಬಾಗಿಲಲ್ಲಿ ಕೇಳಿದರೆ ಜೀವ ಹೋಗುತ್ತಿತ್ತು, ಅಲ್ಲಿ ಗದ್ದೆಯಲ್ಲಿ ಕೇಳಿದರೆ ಸ್ವಲ್ಪ ಬರುತ್ತಿತ್ತು.

ಬೆಂಚಿನಲ್ಲಿ ನನ್ನ ಪಕ್ಕ ನವಲಿಯ ರೇಣುಕಾ ಕೂರುತ್ತಿದ್ದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು, ಅತ್ತೆ ಬೈದರೂ ಕೇಳದೆ, ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವಳ ಕೂಸು ಒಂಬತ್ತು ತಿಂಗಳು ತುಂಬಿ ಹುಟ್ಟಿದ್ದು, ಆದರೆ ಹೊಟ್ಟೆಯೊಳಗೇ ಹೊಲಸು ನೀರು ಕುಡಿದಿತ್ತಂತೆ. ನನ್ನ ಫೋನಿನೊಳಗಿನ ಕೂಗು ಅವಳಿಗೂ ಕೇಳಿಸಿತ್ತು.

"ಅಕ್ಕಾ, ಅದು ನಿಮ್ಮ ಮಂದೀನ್ರಿ?"

ಮೈಯೆಲ್ಲ ಎಚ್ಚರವಾಗಿ ಫೋನು ಮುಚ್ಚಿದೆ. "ಹೌದವಾ. ಸುಮ್ನ... ಊರವ್ರು."

"ನಮ್ಮ ಕೂಸಿಂದೂ ಒಂದೀಟು ಹೇಳ್ರಿ. ನಮ್ಮನಿಯವ್ರಿಗೆ ಗೊತ್ತಾಗೂದು ಬ್ಯಾಡ. ನಾ ಎಲ್ಲಾ ದೇವ್ರಿಗೂ ಹರಕಿ ಹೊತ್ತೀನಿ, ನಿಮ್ಮದೊಂದು ಉಳದಿತ್ತು."

ಅಷ್ಟು ಹೆದರಿಕೆಯಲ್ಲೂ ನನಗೆ ನಗು ಬಂತು, ಅವಳೂ ನಕ್ಕಳು. ಮರುದಿನ ಗದ್ದೆಯಲ್ಲಿ ಎರಡು ಕೂಸುಗಳನ್ನು ಕರೆದರು. ಆಮೇಲೆ ಕೊಪ್ಪಳದ ಶಬಾನಾಳ ಕೂಸು ಸೇರಿತು. ಬೆಂಚಿನವರು ಒಬ್ಬೊಬ್ಬರಾಗಿ ನನ್ನ ಹತ್ತಿರ ಸರಿದು ಕಿವಿಯಲ್ಲಿ ಹೆಸರು ಹೇಳಿ ಹೋಗತೊಡಗಿದರು. ಅತ್ತ ಆಯಿ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಂಡಳು.

ಒಂದು ಶನಿವಾರ ನಮ್ಮ ಕೂಸಿನ ಮೂಗಿನ ಪೈಪು ತೆಗೆದರು. ಒಳಲೆಯಲ್ಲಿ ಹಾಲು ಕುಡಿಸಿದರೆ ಚಪ್ಪರಿಸಿತಂತೆ. ಸಾಲೋಮಿ ಆವತ್ತು ಮೊದಲ ಸಲ ಅನ್ನ ಉಂಡಳು. ನಾನು ತಡೆಯಲಾರದೆ ಊರಿಗೆ ಹೇಳಿಬಿಟ್ಟೆ.

ನಮ್ಮ ಚರ್ಚಿನಲ್ಲಿ ಒಂದು ಕಟ್ಟಳೆ ಇದೆ. ಬೇಡಿದ್ದು ಸಿಕ್ಕರೆ ಭಾನುವಾರ ಎದ್ದು ನಿಂತು ಸಾಕ್ಷಿ ಹೇಳಬೇಕು, ಎಲ್ಲರೂ ಚಪ್ಪಾಳೆ ತಟ್ಟಿ ಸ್ತೋತ್ರ ಹೇಳುತ್ತಾರೆ, ಬೆಲ್ಲ ಹಂಚುತ್ತಾರೆ. ಅಲ್ಲಿಗೆ ಆ ಹೆಸರು ಪ್ರಾರ್ಥನೆಯಿಂದ ಇಳಿಯಿತು. ಸಿಕ್ಕದ್ದನ್ನು ಮತ್ತೆ ಬೇಡಿದರೆ ಕೊಟ್ಟವನನ್ನು ನಂಬಲಿಲ್ಲ ಅಂತಾಗುತ್ತದೆ ಎಂಬ ಲೆಕ್ಕ. ಆ ಭಾನುವಾರ ಪ್ರಕಾಶನ ತಾಯಿ ಎದ್ದು ನಿಂತು ಅಳುತ್ತ ಸಾಕ್ಷಿ ಹೇಳಿದಳು. ಬೆಲ್ಲ ಹಂಚಿದರು. ಸೋಮವಾರ ಗದ್ದೆಯಲ್ಲಿ ರೇಣುಕಾ ಕೂಸು, ಶಬಾನಾ ಕೂಸು ಎಂದು ಕರೆದರು. ಸಾಲೋಮಿ ಕೂಸು ಎನ್ನಲಿಲ್ಲ.

ಅದೇ ಮಧ್ಯಾಹ್ನ ಬಾಗಿಲು ಕಿರ್ ಅಂತು. "ಸಾಲೋಮಿ ಕೂಸಿನವ್ರು ಯಾರ್ರಿ?" ಒಳಗೆ ಡಾಕ್ಟರು ನನ್ನ ಮುಖ ನೋಡದೆ ಮಾತಾಡಿದರು. ರಕ್ತಕ್ಕೆ ನಂಜೇರಿದೆ, ಮತ್ತೆ ಮಷೀನಿಗೆ ಹಾಕಿದ್ದೇವೆ, ಈಗಲೇ ಏನೂ ಹೇಳಲಾಗದು. ಗಾಜಿನಾಚೆ ಅದರ ಎದೆಗೂಡು ಒಳಗೆ ಸೇದಿ ಸೇದಿ ಏಳುತ್ತಿತ್ತು. ಬಣ್ಣ ಬೂದಿಯದಾಗಿತ್ತು.

ಕೆಳಗೆ ಬಂದು ಸಾಲೋಮಿಗೆ ಹೇಳಿದೆ. ಅವಳು ಅಳಲಿಲ್ಲ. ನನ್ನ ಮುಂಗೈ ಹಿಡಿದು ಉಗುರು ಊರಿದಳು. "ನೀ ಯಾಕ ಹೇಳಿದಿ ಅಕ್ಕ? ಒಂದು ವಾರ ಬಾಯಿ ಮುಚಗೊಂಡು ಇರಾಕ ಬರ್ತಿದ್ದಿಲ್ಲ? ಬೆಲ್ಲ ತಿಂದು ನನ್ನ ಕೂಸಿನ ಹೆಸರು ಬಿಟ್ರಲ್ಲ ಅವ್ರು."

ದೃಷ್ಟಿ ತಾಗುವುದೆಲ್ಲ ಸುಳ್ಳು, ಕೂಸಿಗೆ ಲಸಿಕೆ ಹಾಕಿಸಿ ಎಂದು ಊರೂರಿನ ತಾಯಂದಿರಿಗೆ ಪಾಠ ಹೇಳುವವಳು ನಾನು. ಆದರೆ ಆ ಮಾತು ನನ್ನೊಳಗೂ ನಾಟಿತು. ಜಾಸ್ತಿ ಖುಷಿಪಟ್ಟದ್ದಕ್ಕೇ ಹೀಗಾಯಿತು ಎಂದು ನಾನೂ ನಂಬಿದೆ. ಆಯಿಗೆ ಫೋನು ಹಚ್ಚಿ ಕಾರಿಡಾರಿನಲ್ಲೇ ಅತ್ತೆ.

"ಈಗ ಏನ್ ಮಾಡೂದು ಆಯಿ? ಸಾಕ್ಷಿ ಹೇಳಿ ಮುಗಿಸೀವಿ. ಮತ್ತ ಹೆಂಗ ಬೇಡೂದು?"

ಆಯಿ ಅಂದಳು: "ಅಂವೇನು ಪರದವನೇನು, ಎರಡನೇ ಸಲ ಕೇಳಾಕ ನಾಚಾಕ? ತಪ್ಪಾತಪ್ಪ, ಅವಸರ ಮಾಡಿದ್ವಿ ಅಂತ ಹೇಳೂಣು. ಇನ್ಮ್ಯಾಗ ಆ ಕೂಸು ತನ್ನ ಕಾಲಿಲೆ ತಾ ನಡಕೊಂತ ಚರ್ಚಿಗೆ ಬರೂತನಾ ಸಾಕ್ಷಿ ಇಲ್ಲ, ಬೆಲ್ಲ ಇಲ್ಲ."

ಆಮೇಲಿನ ದಿನಗಳು ಒಂದಕ್ಕೊಂದು ಅಂಟಿಕೊಂಡು ಹೋಗಿವೆ, ಬಿಡಿಸಲು ಬರುವುದಿಲ್ಲ. ಮಳೆ ಹಿಡಿದದ್ದು ಬಿಡಲಿಲ್ಲ. ಸಿಸ್ಟರ್ ಯಾವತ್ತಾದರೂ "ಇವತ್ತು ಪರವಾಗಿಲ್ರಿ" ಅಂದರೆ ನಾನು ಆ ಮಾತನ್ನು ಯಾರಿಗೂ ಹೇಳುತ್ತಿರಲಿಲ್ಲ, ಸಾಲೋಮಿಗೂ ಹೇಳುತ್ತಿರಲಿಲ್ಲ. ಕೆಟ್ಟ ಸುದ್ದಿಗೆ ಹೆದರುವುದು ಎಲ್ಲರಿಗೂ ಇದ್ದದ್ದೇ. ನಾವು ಒಳ್ಳೆಯ ಸುದ್ದಿಗೂ ಹೆದರುವವರಾದೆವು.

ಒಂದು ಬೆಳಿಗ್ಗೆ ಬಾಗಿಲು ತೆರೆಯಿತು. ಸಿಸ್ಟರ್ ಕೂಗಲಿಲ್ಲ, ಮೆಲ್ಲಗೆ ಕೇಳಿದಳು. "ರೇಣುಕಾ ಕೂಸಿನವ್ರು?"

ನಮ್ಮದಲ್ಲ, ಎಂದು ನನ್ನ ಉಸಿರು ಕೆಳಗಿಳಿಯಿತು. ಪಕ್ಕದಲ್ಲಿ ರೇಣುಕಾ ಎದ್ದು ನಿಂತಳು.

ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅವಳ ಗಂಡ, ಮಾವ ಬಂದು ಇಸಿದುಕೊಂಡು ಹೋದರು. ತೊಟ್ಟಿಲಿಗೆ ಹಾಕದ ಕೂಸನ್ನು ನಮ್ಮ ಕಡೆ ಮಣ್ಣು ಮಾಡುವಾಗ ತಾಯಿಯನ್ನು ಒಯ್ಯುವುದಿಲ್ಲ, ಆಮೇಲೆ ಆ ಸುದ್ದಿ ತೆಗೆಯುವುದೂ ಇಲ್ಲ. ಅವಳ ಹೊಲಿಗೆ ಕೀವುಗಟ್ಟಿದ್ದರಿಂದ ವಾರ್ಡಿನಲ್ಲೇ ಬಿಟ್ಟರು. ಅತ್ತೆ ಕೆಟ್ಟವಳೇನಲ್ಲ, ತಾನೂ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು: "ಅಳಬ್ಯಾಡ. ಹೆಸರ ಇಟ್ಟಿದ್ದಿಲ್ಲ, ಏನ್ ಇಟ್ಟಿದ್ದಿಲ್ಲ. ಮರತಬಿಡು."

ಸಂಜೆ ನಾನು ಹೋಗಿ ಅವಳ ಮಂಚದ ಅಂಚಿಗೆ ಕುಳಿತೆ. ಗೋಡೆಯ ಕಡೆ ತಿರುಗಿಯೇ ಕೇಳಿದಳು.

"ಅಕ್ಕಾ, ನಾಳೆ ನಿಮ್ಮೂರಾಗ ಕರೀತಾರಲ್ರಿ, ಅದ್ರಾಗ ನನ್ನ ಕೂಸು ಇರಂಗಿಲ್ಲೇನು?"

ನಾನು ಅವಳ ಹೊದಿಕೆ ಸರಿಮಾಡಿದೆ.

"ಇನ್ನೊಂದು ಸಲ ಕರೀಲಿ ಅಂತ ಹೇಳ್ರಿ. ನಮ್ಮ ಮನ್ಯಾಗ ಅದನ್ನ ಯಾರೂ ಏನಂತಾನೂ ಕರದಿಲ್ಲ. ನಿಮ್ಮ ಹೊಲದಾಗ ಅಷ್ಟ ಕರದಾರ."

ಊರಿಗೆ ಫೋನು ಮಾಡಿದಾಗ ನಮ್ಮ ಪಾಸ್ಟರು ಆಯಿಯ ಮನೆಯಲ್ಲೇ ಇದ್ದರು. ಮೃದು ಮನುಷ್ಯ. "ಸುಗುಣಾ, ತೀರಿ ಹೋದೋರ ಸಲುವಾಗಿ ನಾವು ಬೇಡಂಗಿಲ್ಲವ್ವ. ಅದು ಈಗ ಆತನ ಕೈಯಾಗ ಐತಿ. ಹೆಸರು ಇಳಿಸಬೇಕು," ಎಂದರು. ಅವರು ಹೇಳಿದ್ದು ನಮ್ಮ ನಂಬಿಕೆಗೆ ಸರಿಯಾಗಿಯೇ ಇತ್ತು. ಸಾಕ್ಷಿಯಾದರೂ ಹೆಸರು ಇಳಿಯುತ್ತದೆ, ಸತ್ತರೂ ಇಳಿಯುತ್ತದೆ. ಇದೆಂಥ ಕಟ್ಟಳೆ ಎಂದು ನನಗೆ ಕೆಟ್ಟ ಸಿಟ್ಟು ಬಂತು.

ಮರುದಿನ ಹೊತ್ತೇರಿದ ಮೇಲೆ ಆಯಿಯ ಫೋನು ಬಂತು. "ಆ ಹುಡುಗಿ ಅದಾಳೇನು? ಆಕಿ ಕಿವಿಗೆ ಹಿಡಿ." ಎದ್ದು ರೇಣುಕಾಳ ಹತ್ತಿರ ಹೋದೆ. ಫೋನನ್ನು ಇಬ್ಬರ ಕಿವಿಗಳ ನಡುವೆ ಹಿಡಿದೆ. ಪಚಪಚ ಸದ್ದು. ಮಳೆಯ ಸದ್ದು.

"ಸಾಲೋಮಿ ಕೂಸೂ..."

"ನೋಡಪ್ಪಾ."

"ಶಬಾನಾ ಕೂಸೂ..."

"ನೋಡಪ್ಪಾ."

ಆಮೇಲೆ ಆಯಿ ನಿಂತಳು. ಸಾಲೂ ನಿಂತಿರಬೇಕು, ಕಾಲಿನ ಸದ್ದು ಕೇಳಲಿಲ್ಲ.

"ರೇಣುಕಾ ಕೂಸಿನ ಅವ್ವಾ..."

ಎಂದಿಗಿಂತ ದೊಡ್ಡದಾಗಿ ಬಂತು. "ನೋಡಪ್ಪಾ."

ರೇಣುಕಾ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದಳು. ಆವತ್ತಿನವರೆಗೆ ಒಂದು ಹನಿ ಕಣ್ಣೀರು ಹಾಕದವಳು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಅವಳ ಅತ್ತೆ ತಡೆಯಲಿಲ್ಲ. ಬದುಕಿರುವ ತಾಯಿಗಾಗಿ ಬೇಡಬಾರದು ಎನ್ನಲು ಪಾಸ್ಟರಿಗೂ ಬರುವಂತಿರಲಿಲ್ಲ. ಆ ಕೂಸಿನ ಹೆಸರನ್ನು ಆಯಿ ಅದರ ಅವ್ವನ ಹೆಗಲ ಮೇಲೆ ಕೂರಿಸಿ ದಾಟಿಸಿಬಿಟ್ಟಿದ್ದಳು.

ನಮ್ಮ ಕೂಸು ಉಳಿಯಿತು. ಹೇಗೆ ಅಂದರೆ, ಔಷಧಿ ಹತ್ತಿತು, ಸಿಸ್ಟರುಗಳು ಕಣ್ಣಲ್ಲಿ ಕಣ್ಣಿಟ್ಟು ಕಾದರು, ಗದ್ದೆಯಲ್ಲಿ ಕರೆದರು. ಇದರಲ್ಲಿ ಯಾವುದು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಜಗಳ ತೆಗೆಯುತ್ತೇನೆ. ಮನೆಗೆ ಕರೆತಂದ ದಿನ ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಎಲ್ಲರೂ ನಾಟಿಗೆ ಹೋದ ಹೊತ್ತು ನೋಡಿ, ಕಳ್ಳರಂತೆ ಹಿತ್ತಲಿನಿಂದ ಒಳಗೆ ಹೋದೆವು. ಸಂಜೆ ಆಯಿ ಬಂದು ಹೊಸ್ತಿಲಾಚೆ ನಿಂತು ಕೂಸನ್ನು ನೋಡಿದಳು. ಸ್ತೋತ್ರ ಎನ್ನಲಿಲ್ಲ. "ಭಾಳ ಕರ್ರಗ ಐತಿ ಬಿಡು," ಎಂದು ಹೇಳಿ, ಕಣ್ಣೊರೆಸಿಕೊಂಡು ಹೋದಳು.

ಈಗ ಆ ಹುಡುಗಿ ಎರಡನೆಯ ಕ್ಲಾಸು. ತೊಟ್ಟಿಲಿಗೆ ಹಾಕಿ ಹೆಸರಿಟ್ಟದ್ದಾಯಿತು, ತನ್ನ ಕಾಲಿನಿಂದ ತಾನೇ ನಡೆದು ಚರ್ಚಿಗೆ ಹೋದದ್ದಾಯಿತು, ಸಾಕ್ಷಿ ಹೇಳಿ ಬೆಲ್ಲ ಹಂಚಿದ್ದೂ ಆಯಿತು. ಆದರೂ ನಾಟಿ ಬಂದರೆ ಆಯಿ ಅವಳನ್ನು ಕರೆಯುವುದು ಸಾಲೋಮಿ ಕೂಸು ಎಂದೇ. "ನನಗ ಹೆಸರೈತಿ ಆಯಿ," ಎಂದು ಅವಳು ಮೂಗು ಮುರಿಯುತ್ತಾಳೆ. ರೇಣುಕಾ ಪ್ರತಿವರ್ಷ ಮಳೆಗಾಲದಲ್ಲಿ ಒಂದು ಸಲ ಫೋನು ಮಾಡುತ್ತಾಳೆ. ಅವಳಿಗೀಗ ಒಬ್ಬ ಮಗನಿದ್ದಾನೆ. ಅವನ ಹೆಸರನ್ನು ಅವಳು ನಮಗೆ ಪ್ರಾರ್ಥನೆಗೆ ಕೊಟ್ಟಿಲ್ಲ. ಕೇಳುವುದು ಇಷ್ಟೇ: "ಅಕ್ಕಾ, ಈ ವರ್ಷಾನೂ ಕರದ್ರೇನ್ರಿ?"

ಮೊನ್ನೆ ಆ ಬೆಂಚಿನ ಮೇಲೆ ಕುಳಿತು ಅಂಗೈ ವಾಸನೆ ಆರಲೆಂದು ಕಾಯುತ್ತಿದ್ದಾಗ, ಕಾರಿಡಾರಿನ ಆ ತುದಿಯಲ್ಲಿ ಬಿಜಾಗರಿ ಕಿರ್ ಅಂತು. ಯಾರೋ ಹೊಸ ಸಿಸ್ಟರ್. "ಮಂಜುಳಾ ಕೂಸಿನವ್ರು ಯಾರ್ರಿ?" ತಲೆಗೆ ಟವೆಲು ಸುತ್ತಿದ್ದ ಒಬ್ಬ ಮುದುಕ ಎದ್ದು ನಿಂತ. ಚಪ್ಪಲಿ ಸಿಗದೆ ಬರಿಗಾಲಿನಲ್ಲೇ ಹೋದ.

ಆಯಿಗೆ ಫೋನು ಹಚ್ಚಿದೆ. ಈಗ ಅವಳಿಗೆ ಬಗ್ಗಲು ಬರುವುದಿಲ್ಲ, ಬದುವಿನ ಮೇಲೆ ಕುಳಿತು ಕರೆಯುತ್ತಾಳೆ.

"ಆಯಿ, ಇಲ್ಲೊಂದು ಮಂಜುಳಾ ಕೂಸು ಐತಿ."

"ಯಾವೂರು?"

"ಗೊತ್ತಿಲ್ಲ. ಕೇಳಿಲ್ಲ."

"ಹೋಗ್ಲಿ ಬಿಡು. ಅವ್ವನ ಹೆಸರ ಗೊತ್ತಾತಲ್ಲ," ಎಂದು ಫೋನು ಹಾಗೇ ಹಿಡಿದು ಗದ್ದೆಯ ಕಡೆ ತಿರುಗಿ ಎತ್ತಿಕೊಂಡಳು. ಸಾಲೋಮಿ ಕೂಸು ಬಂತು. ರೇಣುಕಾ ಕೂಸಿನ ಅವ್ವ ಬಂದಳು. ಆಮೇಲೆ, "ಮಂಜುಳಾ ಕೂಸೂ..."

ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಲಿಲ್ಲ. ಸಾಲಿನವರು ಬಾಯಿ ತೆಗೆಯುವುದರೊಳಗೆ, ಆ ಕಾರಿಡಾರಿನಲ್ಲಿ, ಎಲ್ಲರಿಗೂ ಕೇಳುವಂತೆ ನಾನೇ ಅಂದೆ.

"ನೋಡಪ್ಪಾ."